ಇಳಕಲ್ ಸೆರಗು ಮತ್ತು ಪಕ್ಕದ ಬೆಳಕು: ವಿದ್ಯಾರ್ಥಿ ಫ್ಯಾಷನ್ ಛಾಯಾಗ್ರಹಣದ ಕುರಿತು ಒಂದು ಟಿಪ್ಪಣಿ

ವಿದ್ಯಾರ್ಥಿಗಳ ಫ್ಯಾಷನ್ ಛಾಯಾಗ್ರಹಣ ಪ್ರಾಜೆಕ್ಟ್‌ಗಳಿಗೆ ಕೈಮಗ್ಗದ ಸೀರೆ ಅಚ್ಚುಮೆಚ್ಚಿನ ವಸ್ತು. ಇಳಕಲ್ ಸೀರೆಯನ್ನು ಆರಿಸಿಕೊಂಡವರ ಚಿತ್ರಗಳಲ್ಲಿ ಮಾತ್ರ ಒಂದು ಕೊರತೆ ಎದ್ದು ಕಾಣುತ್ತದೆ: ಯಾವುದರಿಂದ ಅದು ಇಳಕಲ್ ಎಂದು ಗೊತ್ತಾಗಬೇಕೋ ಆ ಸೆರಗೇ ಬಹಳ ಸಲ ಚಿತ್ರದಲ್ಲಿರುವುದಿಲ್ಲ, ಇದ್ದರೂ ಬಣ್ಣ ಬಿಳಿಚಿರುತ್ತದೆ. ಉಡಿಸುವ ಕ್ರಮವನ್ನು ಒಂದು ದಿನ, ದೀಪದ ಜಾಗವನ್ನು ಇನ್ನೊಂದು ದಿನ ಗೊತ್ತುಮಾಡುವ ಪದ್ಧತಿಯೇ ಇದಕ್ಕೆ ಮೂಲ ಎಂಬುದು ನನ್ನ ವಾದ.

ಮೊದಲು ಬಟ್ಟೆಯನ್ನು ನೋಡೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಈ ನೇಯ್ಗೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸಾಂಪ್ರದಾಯಿಕ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡೂ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ, ಇದೇ ಕೊಂಡಿ. ತೋಪ ತೆನಿ ಎಂದು ಕರೆಯುವ ಈ ಸೆರಗಿನಲ್ಲಿ ಸಾಮಾನ್ಯವಾಗಿ ಮೂರು ಕೆಂಪು ಭಾಗಗಳು, ಅವುಗಳ ನಡುವೆ ಎರಡು ಬಿಳಿ ಭಾಗಗಳು.

ಹತ್ತಿ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ರೇಷ್ಮೆ ಎಳೆಯ ಅಡ್ಡಕೊಯ್ತ ಹೆಚ್ಚುಕಡಿಮೆ ತ್ರಿಕೋನಾಕಾರ. ಅದರ ನುಣುಪಾದ ಮೈ ಬೆಳಕನ್ನು ಕನ್ನಡಿಯ ಹಾಗೆ ಒಂದೇ ಕಡೆಗೆ ಎಸೆಯುತ್ತದೆ. ಹೀಗಾಗಿ ಕೊಂಡಿಯ ಆಚೆ ಈಚೆ, ಬೆರಳಗಲದ ಅಂತರದಲ್ಲಿ, ಒಂದೇ ದೀಪ ಎರಡು ಬಗೆಯಾಗಿ ವರ್ತಿಸುತ್ತದೆ. ಕ್ಯಾಮೆರಾದ ನೆತ್ತಿಯ ಮೇಲೆ ದೊಡ್ಡ ಸಾಫ್ಟ್‌ಬಾಕ್ಸ್ ಇಟ್ಟರೆ ಒಡಲು ಚೆನ್ನಾಗಿಯೇ ಮೂಡುತ್ತದೆ. ಆದರೆ ಕ್ಯಾಮೆರಾದತ್ತ ಮುಖಮಾಡಿದ ಸೆರಗಿನ ಮೇಲೆ ತೆಳು ಬಿಳಿ ಪೊರೆ ಕವಿದು ಕೆಂಪು ಪೇಲವವಾಗುತ್ತದೆ. ಅದೇ ದೀಪವನ್ನು ಪಕ್ಕಕ್ಕೆ ಸರಿಸಿ, ಬೆಳಕು ಬಟ್ಟೆಯನ್ನು ಸವರಿಕೊಂಡು ಹೋಗುವಂತೆ ಇಟ್ಟರೆ ಎಳೆ ಎಳೆಗೂ ನೆರಳು ಹುಟ್ಟಿ ಕೊಂಡಿಯ ಸಾಲು ಕಣ್ಣಿಗೆ ಬೀಳುತ್ತದೆ. ಕಸೂತಿ ಇದ್ದರಂತೂ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಹೊಲಿಗೆಗಳು ಬಟ್ಟೆಯಿಂದ ಎದ್ದು ನಿಲ್ಲುವುದು ಈ ಬೆಳಕಿನಲ್ಲೇ.

ಪಕ್ಕದ ಬೆಳಕು ಮುಖಕ್ಕೆ ಮಾತ್ರ ಕಠೋರ. ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಾಳೆ ಹಿಡಿದರೆ ಸಾಕು, ಎರಡನೇ ದೀಪ ಬೇಡ. ದೂರದ ಲೆಕ್ಕ ಇದಕ್ಕಿಂತ ಮುಖ್ಯ. ಹರಡಿದ ಸೆರಗಿನ ಹತ್ತಿರದ ಅಂಚು ದೀಪದಿಂದ 1 ಮೀಟರ್, ದೂರದ ಅಂಚು 1.5 ಮೀಟರ್ ಇದ್ದರೆ ಬೆಳಕಿನ ವ್ಯತ್ಯಾಸ 2.25 ಪಟ್ಟು, ಅಂದರೆ ಒಂದು ಸ್ಟಾಪ್‌ಗೂ ಮೇಲೆ. ದೀಪವನ್ನು 3 ಮೀಟರ್‌ಗೆ ಒಯ್ದರೆ ಅದು ಅರ್ಧ ಸ್ಟಾಪ್‌ಗಿಂತ ಕೆಳಗಿಳಿಯುತ್ತದೆ. ಸಾಫ್ಟ್‌ಬಾಕ್ಸ್ ಆದಷ್ಟು ಹತ್ತಿರ ಇರಲಿ ಎಂಬ ತರಗತಿಯ ಪಾಠ ಮುಖಚಿತ್ರಕ್ಕೆ ಸರಿ, ಸೆರಗಿಗೆ ಹೊಂದುವುದಿಲ್ಲ.

ಇನ್ನು ಉಡಿಸುವ ವಿಚಾರ. ಈಗ ರೂಢಿಯಲ್ಲಿರುವ ಉಡುಗೆಯಲ್ಲಿ ಸೆರಗು ಎಡಭುಜ ದಾಟಿ ಬೆನ್ನಿಗಿಳಿಯುತ್ತದೆ. ಅದನ್ನು ನಿರಿಗೆ ಹಿಡಿದು ಪಿನ್ನು ಚುಚ್ಚಿದರೆ ತೋಪ ತೆನಿಯ ಭಾಗಗಳೆಲ್ಲ ಮಡಿಕೆಯೊಳಗೆ ಸೇರಿಹೋಗುತ್ತವೆ. ಎದುರಿನಿಂದ ತೆಗೆದ ಚಿತ್ರದಲ್ಲಿ ಉಳಿಯುವುದು ಒಡಲು ಮತ್ತು ದಡಿ ಮಾತ್ರ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಸೆರಗನ್ನು ತಲೆತುಂಬ ಹೊದ್ದು ಎದೆಯ ಮೇಲೆ ತಂದುಕೊಳ್ಳುವಾಗ ಅದು ತಾನಾಗಿ ಎದುರಿಗೆ ಬರುತ್ತದೆ. ‘ಹಳ್ಳಿ ಲುಕ್’ ಆದೀತೆಂದು ಇದನ್ನು ಬಿಡುವವರಿದ್ದಾರೆ. ಬಿಡಲಿ, ಆದರೆ ಬದಲಿಗೆ ಏನೆಂದು ಹೇಳಬೇಕು.

ಬದಲಿ ಅವರ ಮೂಡ್ ಬೋರ್ಡ್‌ನಲ್ಲೇ ಸಿಗುವುದುಂಟು. ಛಾಯಾಗ್ರಾಹಕ ಹೋರ್ಸ್ಟ್ 1939ರಲ್ಲಿ ಪ್ಯಾರಿಸ್‌ನಲ್ಲಿ ತೆಗೆದ ‘ಮೇನ್‌ಬೋಷರ್ ಕಾರ್ಸೆಟ್’ ಚಿತ್ರವನ್ನು ನೆರಳಿಗಾಗಿ ನಕಲು ಮಾಡುವವರೇ ಹೆಚ್ಚು. ಅಲ್ಲಿ ರೂಪದರ್ಶಿ ನಮಗೆ ಬೆನ್ನು ಮಾಡಿ ಕುಳಿತಿದ್ದಾಳೆ. ಕಾರ್ಸೆಟ್‌ನ ಲಾಡಿಗಳಿರುವುದು ಬೆನ್ನಿನ ಮೇಲೆ. ಉಡುಪಿನ ಮುಖ್ಯ ಭಾಗ ಎಲ್ಲಿದೆಯೋ ಅಲ್ಲಿಗೇ ಬೆಳಕೂ ಬಿದ್ದಿದೆ. ಇಳಕಲ್ ಸೀರೆಗೆ ಇಲ್ಲಿಂದ ಎರವಲು ಪಡೆಯಬೇಕಾದ್ದು ಆ ಬೆನ್ನು ತಿರುಗಿಸಿದ ಭಂಗಿಯನ್ನು.

ಕುಪ್ಪಸದ ಬಗ್ಗೆ ಎರಡು ಮಾತು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ ಹಳೆಯ ಜೋಡಿ. ಖಣದ ಬದಲು ಬಿಳಿ ಶರ್ಟು ತೊಡಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಕಪ್ಪು ಚಂದ್ರಕಾಳಿ ಸೀರೆಯ ಪಕ್ಕದಲ್ಲಿ ಬಿಳಿ ಶರ್ಟು ಬಂದರೆ ಎರಡರಲ್ಲೂ ವಿವರ ಉಳಿಸುವುದು ಕಷ್ಟ. ಕಪ್ಪೇ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾದ ಮೀಟರ್ ಅದನ್ನು ಬೂದು ಮಾಡಲು ಹೊರಡುತ್ತದೆ, ಶರ್ಟು ಸುಟ್ಟುಹೋಗುತ್ತದೆ. ಖಣದ ಗಾಢ ಬಣ್ಣ ಈ ಜಗಳವನ್ನೇ ಎಬ್ಬಿಸುವುದಿಲ್ಲ.

ಕೊನೆಯ ತೊಡಕು ಕೆಂಪಿನದು. ಸಾಮಾನ್ಯ ಸೆನ್ಸರ್‌ನಲ್ಲಿ ನಾಲ್ಕು ಪಿಕ್ಸೆಲ್‌ಗಳಿಗೆ ಕೆಂಪು ಶೋಧಕ ಇರುವುದು ಒಂದಕ್ಕೆ ಮಾತ್ರ, ಹಾಗಾಗಿ ಕೆಂಪಿನಲ್ಲಿ ಸಿಗುವ ವಿವರವೇ ಕಡಿಮೆ. ಸಾಲದ್ದಕ್ಕೆ ಗಾಢ ಕೆಂಪು ರೇಷ್ಮೆಯಲ್ಲಿ ಕೆಂಪು ಚಾನೆಲ್ ಮೊದಲೇ ತುಂಬಿ ತುಳುಕುತ್ತದೆ. ಒಟ್ಟಾರೆ ಹಿಸ್ಟೋಗ್ರಾಮ್ ನೋಡಿದರೆ ಎಲ್ಲ ಸರಿಯಿದ್ದಂತೆ ತೋರುತ್ತದೆ. ಮೂರು ಬಣ್ಣಗಳ ಹಿಸ್ಟೋಗ್ರಾಮ್ ಬೇರೆ ಬೇರೆಯಾಗಿ ತೆರೆದು, ಕೆಂಪು ಬಲ ಅಂಚಿಗೆ ತಾಗದ ಹಾಗೆ ಎಕ್ಸ್‌ಪೋಷರ್ ಇಳಿಸಬೇಕು. ಮೂಲ ಕಡತದಲ್ಲಿ ನೇಯ್ಗೆ ಅಳಿಸಿಹೋಗಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಅದು ಮರಳುವುದಿಲ್ಲ.