ಟರ್ಕಿ ಕೋಳಿ ಆಹಾರದಲ್ಲಿ ಮೆಕ್ಕೆಜೋಳಕ್ಕೆ ಬದಲಿ ಧಾನ್ಯಗಳು

ಟರ್ಕಿ ಕೋಳಿ ಸಾಕಾಣಿಕೆಯ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಸುಮಾರು ಶೇ. 60ರಿಂದ 70. ಆಹಾರ ಮಿಶ್ರಣದಲ್ಲಿ ಶಕ್ತಿ ಒದಗಿಸುವ ಮುಖ್ಯ ಧಾನ್ಯ ಮೆಕ್ಕೆಜೋಳ. ಇದರ ಬೆಲೆ ಏರಿದಾಗ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿಯಂತಹ ಮಳೆಯಾಶ್ರಿತ ಪ್ರದೇಶದ ರೈತರು ರಾಗಿ, ಸಜ್ಜೆ, ಜೋಳಗಳನ್ನು ಭಾಗಶಃ ಬಳಸಬಹುದಾಗಿದೆ.

ಸಜ್ಜೆಯಲ್ಲಿ ಮೆಕ್ಕೆಜೋಳಕ್ಕಿಂತ ಸಸಾರಜನಕ ಹೆಚ್ಚು. ರಾಗಿ ಬಹುಕಾಲ ಕೆಡದು. ಆದರೆ ಅದರಲ್ಲಿ ಶಕ್ತಿಯ ಅಂಶ ಕಡಿಮೆ. ಮೆಕ್ಕೆಜೋಳವನ್ನು ಪೂರ್ತಿ ಕೈಬಿಟ್ಟು ರಾಗಿಯನ್ನೇ ಹಾಕಿದಲ್ಲಿ ಖರ್ಚಿನ ಪುಸ್ತಕದಲ್ಲಿ ಉಳಿತಾಯ ಕಂಡರೂ ಕೋಳಿಯ ತೂಕದಲ್ಲಿ ನಷ್ಟವಾಗುತ್ತದೆ. ಟ್ಯಾನಿನ್ ಅಂಶವಿರುವ ಕಂದು ಜೋಳಕ್ಕಿಂತ ಬಿಳಿ ಜೋಳ ಲೇಸು. ಎಳೆಯ ಮರಿಗಳ ಆಹಾರದಲ್ಲಿ ಶೇ. 28ರಷ್ಟು ಸಸಾರಜನಕ ಇರಬೇಕಾದುದರಿಂದ, ಯಾವ ಧಾನ್ಯ ಬಳಸಿದರೂ ಸೋಯಾ ಹಿಂಡಿಯನ್ನು ಕಡಿತಗೊಳಿಸಬಾರದು.

ಬೂಷ್ಟು ಹಿಡಿದ ಧಾನ್ಯವನ್ನು ಅಗ್ಗವೆಂದು ಎಂದಿಗೂ ಕೊಳ್ಳಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಗಳು ಸತ್ತವು. ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾದುದು ಆ ಘಟನೆಯ ತನಿಖೆಯಿಂದಲೇ. ಇತರ ಕೋಳಿಗಳಿಗಿಂತ ಟರ್ಕಿಗಳು ಈ ವಿಷಕ್ಕೆ ಬೇಗ ಬಲಿಯಾಗುತ್ತವೆ. ಮಳೆಗಾಲದಲ್ಲಿ ಕೊಯ್ಲಾದ ಮೆಕ್ಕೆಜೋಳವನ್ನು ಚೆನ್ನಾಗಿ ಒಣಗಿಸಿ, ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಜೋಡಿಸತಕ್ಕದ್ದು. ಮಿಶ್ರಣದ ಪ್ರಮಾಣದ ಬಗ್ಗೆ ಸಮೀಪದ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸುವುದು.