ಕಪ್ಪೆಕಾಲಿನ ರಫ್ತು: ಒಂದು ನಿಷೇಧದ ಇತಿಹಾಸ

ಪೂಜಾಫಲವನ್ನು ತಿಳಿಸುವ ಸಂದರ್ಭದಲ್ಲಿ ಆಚಾರ್ಯ ಸಮಂತಭದ್ರರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಒಂದು ಕಪ್ಪೆಯನ್ನು ದೃಷ್ಟಾಂತವಾಗಿ ಎತ್ತಿಕೊಂಡಿದ್ದಾರೆ. ಅದರ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ರಾಜಗೃಹದ ಶ್ರೇಷ್ಠಿಯೊಬ್ಬನು ಮರಣಕಾಲದಲ್ಲಿ ಆರ್ತಧ್ಯಾನಕ್ಕೆ ಸಿಲುಕಿ ಕಪ್ಪೆಯಾಗಿ ಹುಟ್ಟಿದನು. ಭಗವಾನ್ ಮಹಾವೀರರ ಸಮವಸರಣವು ಬಂದಿರುವುದನ್ನು ಅರಿತು ಕಮಲದ ಎಸಳನ್ನು ಬಾಯಲ್ಲಿ ಹಿಡಿದು ಹೊರಟಾಗ, ಶ್ರೇಣಿಕ ಮಹಾರಾಜನ ಆನೆಯ ಕಾಲಡಿಗೆ ಸಿಕ್ಕಿ ಮಡಿದು ದೇವಗತಿಯನ್ನು ಪಡೆದನು. ವ್ಯಾಪಾರಿಯೊಬ್ಬನ ಜೀವವೇ ಆ ಕಪ್ಪೆಯೊಳಗೆ ಇದ್ದಿತೆಂಬುದು ಈ ಕಥೆಯಲ್ಲಿ ಮರೆಯಬಾರದ ಅಂಶ.

ಇಂತಹ ಕಥೆಯನ್ನು ಉಳಿಸಿಕೊಂಡು ಬಂದ ದೇಶದಲ್ಲಿಯೇ, ಸ್ವಾತಂತ್ರ್ಯಾನಂತರದ ಕೆಲವು ದಶಕಗಳ ಕಾಲ ಕಪ್ಪೆಯು ತೂಕದ ಲೆಕ್ಕದಲ್ಲಿ ಮಾರಾಟವಾಗುವ ರಫ್ತಿನ ಸರಕಾಗಿತ್ತು. ಆ ವ್ಯಾಪಾರವು ಹೇಗೆ ಬೆಳೆಯಿತು, ಹೇಗೆ ನಿಂತಿತು, ನಿಂತ ಮೇಲೆ ಏನಾಯಿತು ಎಂಬುದು ರಾಷ್ಟ್ರದ ವಾಣಿಜ್ಯನೀತಿಯೂ ಪ್ರಕೃತಿರಕ್ಷಣೆಯೂ ಸಂಧಿಸುವ ಒಂದು ಅಧ್ಯಾಯವಾಗಿದೆ. ಶ್ರಾವಕರು, ಅದರಲ್ಲಿಯೂ ವ್ಯಾಪಾರಿಗಳಾದ ಶ್ರಾವಕರು, ತಿಳಿದಿರಬೇಕಾದ ವಿಷಯವಿದು.

ಗದ್ದೆಯಿಂದ ಹಡಗಿಗೆ

ಫ್ರಾನ್ಸ್, ಬೆಲ್ಜಿಯಂ, ಅಮೆರಿಕ ಮುಂತಾದ ದೇಶಗಳಲ್ಲಿ ಕಪ್ಪೆಯ ಹಿಂಗಾಲುಗಳು ರುಚಿಯ ಆಹಾರವೆನಿಸಿವೆ. ಶೈತ್ಯೀಕರಣದ ಸೌಲಭ್ಯ ಬೆಳೆದಂತೆ ಆ ಬೇಡಿಕೆಯನ್ನು ಪೂರೈಸುವ ದೇಶಗಳಲ್ಲಿ ಭಾರತವು ಮುಂಚೂಣಿಗೆ ಬಂದಿತು. ಭತ್ತದ ಗದ್ದೆಗಳಲ್ಲಿಯೂ ಕೆರೆಯಂಚುಗಳಲ್ಲಿಯೂ ವಾಸಿಸುವ ದೊಡ್ಡ ಗಾತ್ರದ ಗೂಳಿಗಪ್ಪೆಯೇ ಇದರ ಮುಖ್ಯ ಬಲಿ. ಮೊದಲ ಮಳೆ ಬಿದ್ದ ರಾತ್ರಿ ಸಂತಾನೋತ್ಪತ್ತಿಗಾಗಿ ಅದು ಕೂಗತೊಡಗುತ್ತದೆ. ಆ ಕೂಗನ್ನೇ ಹಿಡಿದು ಹೋಗಿ, ಕಣ್ಣಿಗೆ ಬೆಳಕು ಹಾಯಿಸಿ, ಅದು ಅಲುಗಾಡದೆ ನಿಂತಾಗ ಹಿಡಿದು ಚೀಲಕ್ಕೆ ತುಂಬುತ್ತಿದ್ದರು. ಮೊಟ್ಟೆಯಿಡುವುದಕ್ಕೆ ಮೊದಲೇ ಹಿಡಿದುದರಿಂದ ಮುಂದಿನ ಪೀಳಿಗೆಯೂ ಅದರೊಡನೆ ಅಳಿಯುತ್ತಿತ್ತು. ಹಿಂಗಾಲುಗಳನ್ನು ಎಷ್ಟೋ ವೇಳೆ ಜೀವವಿರುವಾಗಲೇ ಕತ್ತರಿಸಿ, ಉಳಿದ ದೇಹವನ್ನು ಎಸೆಯುತ್ತಿದ್ದರು. 1981ರಲ್ಲಿ ದೇಶದಿಂದ ಹೊರಹೋದ ಕಪ್ಪೆಕಾಲುಗಳ ತೂಕ 4,000 ಟನ್ನಿಗೂ ಮಿಕ್ಕಿತ್ತು. ಎರಡು ಕಾಲಿಗಾಗಿ ಒಂದು ಪೂರ್ಣ ಜೀವವೆಂದು ಎಣಿಸಿದರೆ ಆ ಅಂಕಿಯ ಹಿಂದೆ ಎಷ್ಟು ಕೋಟಿ ಪಂಚೇಂದ್ರಿಯ ಜೀವಿಗಳಿದ್ದವೆಂಬುದನ್ನು ಊಹಿಸಬಹುದು. ಸಿಹಿನೀರಿನ ಈ ಪ್ರಾಣಿಯು ಸರಕಾರಿ ಅಂಕಿಅಂಶಗಳಲ್ಲಿ ಸಮುದ್ರೋತ್ಪನ್ನಗಳ ಸಾಲಿನಲ್ಲಿ ಸೇರಿತ್ತು.

ಜಮೆಯ ಒಂದೇ ಪುಟ

ಅಂದಿನ ದಿನಗಳಲ್ಲಿ ವಿದೇಶೀ ವಿನಿಮಯವು ದೇಶಕ್ಕೆ ಅತ್ಯಗತ್ಯವಾಗಿತ್ತು. ಆದುದರಿಂದ ರಫ್ತೆಂದರೆ ಲಾಭವೆಂಬ ಭಾವನೆ ಬೇರೂರಿತ್ತು. ಜಮೆಯನ್ನು ಮಾತ್ರ ಬರೆದು ಖರ್ಚಿನ ಪುಟವನ್ನು ಖಾಲಿ ಬಿಟ್ಟ ಲೆಕ್ಕವನ್ನು ಯಾವ ಅಂಗಡಿಕಾರನೂ ಒಪ್ಪುವುದಿಲ್ಲ. ಕಪ್ಪೆಯ ವಿಷಯದಲ್ಲಿ ಆದುದು ಅದೇ. ಗದ್ದೆಯ ಕೀಟಗಳನ್ನೂ ಚಿಕ್ಕ ಏಡಿಗಳನ್ನೂ ತಿಂದು ಬೆಳೆಯನ್ನು ಕಾಯುವುದು ಕಪ್ಪೆಯ ಸ್ವಭಾವ. ಅದು ಕೂಲಿ ಕೇಳದೆ ಮಾಡುತ್ತಿದ್ದ ಆ ಸೇವೆಯ ಬೆಲೆಯನ್ನು ಯಾವ ಲೆಕ್ಕಪುಸ್ತಕದಲ್ಲಿಯೂ ಬರೆದಿರಲಿಲ್ಲ. ಕಪ್ಪೆಗಳು ಕಡಮೆಯಾದೆಡೆ ಕೀಟನಾಶಕಕ್ಕೆ ತೆರುವ ಹಣವು ಬೇರೊಂದು ಇಲಾಖೆಯ ಪುಟದಲ್ಲಿ ಬೀಳುತ್ತಿತ್ತು.

ಈ ಕೊರತೆಯನ್ನು ಎತ್ತಿ ತೋರಿಸಿದವರಲ್ಲಿ ಮುಂಬಯಿಯ ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿಯವರು ಸ್ಮರಣೀಯರು. 1985ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅವರು ಕಪ್ಪೆಕಾಲಿನ ರಫ್ತಿನ ವಿಷಯವಾಗಿ ಬರೆದರು. ಅದೇ ವರ್ಷ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಎರಡನೆಯ ಅನುಬಂಧಕ್ಕೆ ಗೂಳಿಗಪ್ಪೆಯೂ ಇನ್ನೊಂದು ಜಾತಿಯ ಕಪ್ಪೆಯೂ ಸೇರಿದವು. ಭಾರತವು 1976ರಿಂದಲೇ ಆ ಒಪ್ಪಂದದ ಸದಸ್ಯರಾಷ್ಟ್ರವಾಗಿತ್ತು. ರೋಗಾಣುಗಳು ಕಂಡುಬಂದ ಕಾರಣ ಅಮೆರಿಕವು ಸರಕನ್ನು ತಿರಸ್ಕರಿಸಿದ ಪ್ರಸಂಗಗಳೂ ಇದ್ದವು. ಕೊನೆಗೆ 1987ರಲ್ಲಿ ಕೇಂದ್ರ ಸರಕಾರವು ಕಪ್ಪೆಕಾಲಿನ ರಫ್ತನ್ನು ಸಂಪೂರ್ಣವಾಗಿ ನಿಷೇಧಿಸಿತು.

ಇದಕ್ಕೆ ಪೂರ್ವನಿದರ್ಶನವೂ ಇದ್ದಿತು. ವೈದ್ಯಕೀಯ ಸಂಶೋಧನೆಗೆಂದು ಅಮೆರಿಕಕ್ಕೆ ಕಳುಹಿಸುತ್ತಿದ್ದ ಕೋತಿಗಳನ್ನು ಸೈನಿಕ ಉದ್ದೇಶದ ವಿಕಿರಣ ಪ್ರಯೋಗಗಳಲ್ಲಿ ಬಳಸಿದ ಸಂಗತಿ ಹೊರಬಿದ್ದ ಮೇಲೆ, ಮೊರಾರ್ಜಿ ದೇಸಾಯಿಯವರ ಸರಕಾರವು 1978ರಲ್ಲಿ ಕೋತಿಗಳ ರಫ್ತನ್ನು ನಿಲ್ಲಿಸಿತ್ತು. 1976ರ 42ನೆಯ ತಿದ್ದುಪಡಿಯು ಪರಿಸರರಕ್ಷಣೆಯನ್ನು ರಾಜ್ಯದ ಧ್ಯೇಯವೆಂದೂ, ಜೀವಿಗಳಲ್ಲಿ ದಯೆಯನ್ನು ನಾಗರಿಕನ ಕರ್ತವ್ಯವೆಂದೂ ಸಂವಿಧಾನದಲ್ಲಿ ಸೇರಿಸಿತ್ತು.

ಬಿಡುವುದು, ತಡೆಯುವುದು

ಪರಿಸರದ ಹೆಸರಿನಲ್ಲಿ ವ್ಯಾಪಾರವನ್ನು ನಿರ್ಬಂಧಿಸುವುದರಲ್ಲಿ ಎರಡು ಬಗೆಗಳಿವೆ. ತನ್ನ ಲಾಭವನ್ನು ತಾನೇ ಬಿಡುವುದು ಒಂದು ಬಗೆ. ಅನ್ಯರ ಸರಕನ್ನು ತನ್ನ ಬಂದರಿನಲ್ಲಿ ತಡೆಯುವುದು ಇನ್ನೊಂದು. ಎರಡನೆಯದಕ್ಕೂ ಭಾರತವು ಪಕ್ಷಗಾರನಾಗಿ ನಿಂತಿದ್ದುಂಟು. ಕಡಲಾಮೆಗಳು ಪಾರಾಗುವ ಸಾಧನವನ್ನು ಬಲೆಗೆ ಅಳವಡಿಸದ ದೇಶಗಳ ಸೀಗಡಿಯನ್ನು ಅಮೆರಿಕವು ತಡೆದಾಗ, 1996ರಲ್ಲಿ ಭಾರತ, ಮಲೇಷ್ಯ, ಪಾಕಿಸ್ತಾನ, ಥಾಯ್ಲೆಂಡ್ ದೇಶಗಳು ವಿಶ್ವ ವಾಣಿಜ್ಯ ಸಂಸ್ಥೆಯ ಮೊರೆಹೊಕ್ಕವು. ಆಮೆಗಳ ರಕ್ಷಣೆ ನ್ಯಾಯವಾದ ಉದ್ದೇಶವೇ ಆದರೂ, ಅಮೆರಿಕವು ಅದನ್ನು ಜಾರಿಗೊಳಿಸಿದ ರೀತಿ ದೇಶದೇಶಗಳ ನಡುವೆ ತಾರತಮ್ಯ ಮಾಡಿದೆಯೆಂದು 1998ರಲ್ಲಿ ಮೇಲ್ಮನವಿ ಮಂಡಲಿಯು ತೀರ್ಪಿತ್ತಿತು. ತಡೆಯುವವನ ಉದ್ದೇಶವನ್ನು ಲೋಕವು ಶಂಕಿಸುತ್ತದೆ. ಬಿಡುವವನ ಉದ್ದೇಶವನ್ನು ಶಂಕಿಸಲು ಕಾರಣ ಕಡಮೆ. 1991ರಲ್ಲಿ ವಿದೇಶೀ ವಿನಿಮಯದ ಘೋರ ಬಿಕ್ಕಟ್ಟು ಬಂದು ರಫ್ತಿಗೆ ಎಲ್ಲೆಡೆ ಉತ್ತೇಜನ ದೊರೆತಾಗಲೂ ಕಪ್ಪೆಯ ಮೇಲಣ ನಿಷೇಧವು ಸಡಿಲವಾಗಲಿಲ್ಲ. 2015ರಲ್ಲಿ ಶಾರ್ಕ್ ಮೀನಿನ ರೆಕ್ಕೆಗಳ ರಫ್ತನ್ನೂ ಸರಕಾರವು ನಿಷೇಧಿಸಿತು.

ಕೃತ, ಕಾರಿತ, ಅನುಮೋದಿತ

ಆದರೆ ಈ ಇತಿಹಾಸದಲ್ಲಿ ಸಂತೋಷದ ಜೊತೆಗೆ ಎರಡು ನೋವುಗಳೂ ಇವೆ. ಭಾರತವು ಬಾಗಿಲು ಮುಚ್ಚಿದೊಡನೆ ಕೊಳ್ಳುವವರು ಬಾಂಗ್ಲಾದೇಶ, ಇಂಡೊನೇಷ್ಯಗಳತ್ತ ತಿರುಗಿದರು. ಬಾಂಗ್ಲಾದೇಶವೂ ಕೆಲವೇ ವರ್ಷಗಳಲ್ಲಿ ನಿಷೇಧಕ್ಕೆ ಶರಣಾಗಬೇಕಾಯಿತು. ಇಂಡೊನೇಷ್ಯವು ಮುಖ್ಯ ರಫ್ತುದಾರನಾಯಿತು. ಹಿಂಸೆ ಸ್ಥಳಾಂತರಗೊಂಡಿತು, ಅಳಿಯಲಿಲ್ಲ. ಇನ್ನೊಂದು ನೋವು, ಮಳೆಗಾಲದ ಆ ಸಂಪಾದನೆಯನ್ನೇ ನಂಬಿದ್ದ ಬಡವರದು. ನಿಷೇಧದ ಆಜ್ಞೆ ಅವರ ಚೀಲವನ್ನು ಬರಿದು ಮಾಡಿತು. ಪ್ರಾಣಿದಯೆಯು ಮನುಷ್ಯನ ಹಸಿವನ್ನು ಮರೆತರೆ ಅದು ಅರ್ಧದಯೆಯಷ್ಟೆ.

ಜೈನಾಗಮವು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ಮೂರಾಗಿ ವಿಂಗಡಿಸಿರುವುದರ ಔಚಿತ್ಯವು ಇಲ್ಲಿ ಸ್ಪಷ್ಟವಾಗುತ್ತದೆ. ರಾತ್ರಿ ಕೆಸರಿನಲ್ಲಿ ನಿಂತು ಹಿಡಿದವನದು ಕೃತ. ಮುಂಗಡ ಕೊಟ್ಟು ತರಿಸಿಕೊಂಡ ರಫ್ತುದಾರನದು ಕಾರಿತ. ಪರವಾನಗಿ ಕೊಟ್ಟವರೂ ಅದರ ವರಮಾನವನ್ನು ಕಂಡು ಹಿಗ್ಗಿದವರೂ ತಟ್ಟೆಯ ಮುಂದೆ ಕುಳಿತವರೂ ಅನುಮೋದಿತದಲ್ಲಿ ಪಾಲುದಾರರು. ಕಾನೂನಿನ ಕೈಗೆ ಮೊದಲು ಸಿಕ್ಕುವವನು ಕೆಸರಿನಲ್ಲಿ ನಿಂತವನೇ. ಅವನ ಪಾಲಿಗೆ ಬಂದ ಹಣವಾದರೋ ಎಲ್ಲರಿಗಿಂತ ಕಡಮೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ‘ವಿರುದ್ಧರಾಜ್ಯಾತಿಕ್ರಮ’ವೆಂಬುದನ್ನು ಸೇರಿಸಿದೆ. ರಾಜ್ಯದ ಕಟ್ಟಳೆಯನ್ನು ಮೀರಿದ ವ್ಯಾಪಾರವೂ ವ್ರತಕ್ಕೆ ಕಳಂಕವೆಂಬುದು ಇದರ ತಾತ್ಪರ್ಯ. ನಿಷಿದ್ಧ ಸರಕನ್ನು ಬೇರೆ ಹೆಸರಿನಲ್ಲಿ ಸಾಗಿಸುವವನು ಅಹಿಂಸೆಯ ಜೊತೆಗೆ ಅಚೌರ್ಯವನ್ನೂ ಕಳೆದುಕೊಳ್ಳುತ್ತಾನೆ. ಸರಕಾರವು ಕಪ್ಪೆಯನ್ನು ಉಳಿಸಿದುದು ಮುಖ್ಯವಾಗಿ ಬೆಳೆಯ ಹಿತಕ್ಕಾಗಿ, ದಯೆಯಿಂದಲ್ಲವೆಂದು ಕೆಲವರು ಆಕ್ಷೇಪಿಸಬಹುದು. ದ್ರವ್ಯಹಿಂಸೆಯನ್ನು ತಡೆದರೆ ರಾಜ್ಯದ ಕೆಲಸ ಮುಗಿಯಿತು. ಭಾವಶುದ್ಧಿಯು ವ್ಯಕ್ತಿಯ ಹೊಣೆ; ಅದನ್ನು ಯಾವ ಅಧಿಸೂಚನೆಯೂ ಹೊರಡಿಸಲಾರದು.

ಕಾನೂನು ಒಂದೊಂದೇ ಸರಕಿನ ಹೆಸರನ್ನು ಪಟ್ಟಿಗೆ ಸೇರಿಸುತ್ತದೆ, ಅದೂ ಬಹುಪಾಲು ನಾಶವಾದ ಮೇಲೆ. ಪಟ್ಟಿಗೆ ಸೇರುವ ಮೊದಲೇ ಕೈಬಿಡುವುದು ಶ್ರಾವಕನ ಮಾರ್ಗ. ಬಸದಿಯ ಟ್ರಸ್ಟುಗಳು ಠೇವಣಿಯಿಡುವ ಮುನ್ನ, ಕುಟುಂಬಗಳು ಷೇರುಗಳಲ್ಲಿ ಹಣ ತೊಡಗಿಸುವ ಮುನ್ನ, ಆ ಲಾಭವು ಯಾವ ಗದ್ದೆಯಿಂದ, ಯಾವ ಜೀವಿಯಿಂದ ಬರುತ್ತದೆಂದು ಒಮ್ಮೆ ವಿಚಾರಿಸಿಕೊಳ್ಳುವುದು ಕಷ್ಟವಲ್ಲ. ರಾಜಗೃಹದ ಆ ಶ್ರೇಷ್ಠಿಗೆ ಕಪ್ಪೆಯ ಜನ್ಮದಲ್ಲಿ ಒದಗಿದ ವಿವೇಕವು, ಮನುಷ್ಯಜನ್ಮದಲ್ಲಿರುವಾಗಲೇ ನಮಗೆ ಒದಗಲಿ.