ಅಪಾರ್ಟ್‌ಮೆಂಟ್ ಗ್ರೂಪ್ ಸೇರುವ ಮುನ್ನ ಇದು ತಿಳಿದಿರಲಿ: ನಂಬರ್ ಕೊಡದೆಯೂ ಇವೆ ದಾರಿಗಳು

ಅಹಮದಾಬಾದ್, ವಡೋದರಾ, ಸೂರತ್‌ನ ಅಪಾರ್ಟ್‌ಮೆಂಟ್‌ಗಳಲ್ಲೂ ನೀರಿನ ಸಮಸ್ಯೆಯಿಂದ ನವರಾತ್ರಿ ಗರ್ಬಾವರೆಗೆ ಚರ್ಚೆಯಾಗುವುದು ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ. ಅಲ್ಲಿ ಸಾಮಾನ್ಯವಾಗಿ ಫೋನ್ ನಂಬರ್ ಅಪರಿಚಿತ ಸದಸ್ಯರಿಗೂ ಕಾಣುತ್ತದೆ. ಒಂಟಿಯಾಗಿ ವಾಸಿಸುವ ಯುವತಿಯರಿಗೆ ಇದೇ ಆತಂಕ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ ಸರ್ವಾನುಮತದ ತೀರ್ಪು ನೀಡಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ 250 ಕೋಟಿ ರೂ.ವರೆಗೆ ದಂಡ ವಿಧಿಸಬಹುದು. ಆದರೆ ವ್ಯಕ್ತಿಗಳ ಸ್ವಂತ ಅಥವಾ ಮನೆಬಳಕೆಗೆ ಅದು ಅನ್ವಯಿಸದು.

ಹಾಗಾಗಿ ಎಚ್ಚರ ನಮ್ಮದೇ. ಸಿಗ್ನಲ್‌ನಲ್ಲಿ ನೋಂದಣಿಗೆ ನಂಬರ್ ಬೇಕಾದರೂ, 2024ರಿಂದ ಅದನ್ನು ಇತರರಿಂದ ಮರೆಮಾಡಬಹುದು. ಮ್ಯಾಟ್ರಿಕ್ಸ್‌ನಲ್ಲಿ ನಿವಾಸಿಗಳ ಸಂಘವೇ ಸ್ವಂತ ಸರ್ವರ್ ನಡೆಸಬಹುದು. ನೆರೆಹೊರೆಯ ನಂಟು ಉಳಿಯುತ್ತದೆ, ನಂಬರ್ ನಮ್ಮಲ್ಲೇ ಇರುತ್ತದೆ.